ಹೈಬ್ರಿಡ್ ಬಾತು: ಬೆನ್ನಷ್ಟೇ ಅಲ್ಲ, ತಲೆನೂ ನೋಡ್ರಿ

ಕಾಮನ್ ಪೋಚಾರ್ಡ್, ಟಫ್ಟೆಡ್ ಡಕ್ ಎರಡೂ ನೀರಲ್ಲಿ ಮುಳುಗಿ ಮೇಯುವ ಬಾತುಗಳು. ಚಳಿಗಾಲಕ್ಕೆ ಕರ್ನಾಟಕಕ್ಕೆ ವಲಸೆ ಬರ್ತಾವ. ಹಾರೂಗೇರಿ ಕಡೆ ಕೃಷ್ಣಾ ದಂಡೆಗೆ ಬೈನಾಕ್ಯುಲರ್ ಹಿಡಿದು ಹೋಗೋ ಮೊದಲು ನಾವು ಗಂಡುಗಳ ಗುರುತು ಕಲಿಯೋಣ.

ಪೋಚಾರ್ಡ್: ಕೆಂಗಂದು ತಲೆ, ಇಳಿಜಾರು ಹಣೆ, ಕೆಂಪು ಕಣ್ಣು, ಬೂದು ಬೆನ್ನು.

ಟಫ್ಟೆಡ್: ಕಪ್ಪು ತಲೆ, ಜೋತುಬಿದ್ದ ಜುಟ್ಟು, ಹಳದಿ ಕಣ್ಣು, ಕಪ್ಪು ಬೆನ್ನು, ಬಿಳಿ ಪಕ್ಕೆ.

ಇವೆರಡರ ಹೈಬ್ರಿಡ್: ಬೂದು ಬೆನ್ನು, ಕಪ್ಪು ತಲೆಯಲ್ಲಿ ಕೆಂಗಂದು ಛಾಯೆ, ಹಿಂದಲೆಯಲ್ಲಿ ಗಿಡ್ಡ ಜುಟ್ಟು. ಇದನ್ನ ಕಂಡು ಅಮೆರಿಕದ ಲೆಸರ್ ಸ್ಕಾಪ್ ಸಿಕ್ತು ಅಂತ ಕುಣಿಯಬೇಡ್ರಿ! ಸ್ಕಾಪ್ ಕೊಕ್ಕಿನಲ್ಲಿ ತುದಿಯ ಉಗುರಷ್ಟೇ ಕಪ್ಪು. ಹೈಬ್ರಿಡ್‌ನಲ್ಲಿ ಆ ಕಪ್ಪು ಅಗಲಕ್ಕೆ ಹರಡಿರ್ತದ.

ಒಂದೇ ಗುರುತು ನಂಬಿದರೆ ಪಕ್ಷಿ ಗಣತಿಯ ಲೆಕ್ಕವೇ ತಪ್ಪುತ್ತದೆ. ಖಾತ್ರಿ ಆಗದಿದ್ದರೆ ‘ಹೈಬ್ರಿಡ್ ಇರಬಹುದು’ ಅಂತಲೇ ಬರೆಯೋಣ.