ಫ್ರಾಂಚೈಸಿ ರದ್ದಾದರೆ ನ್ಯೂಜೆರ್ಸಿಯಲ್ಲಿ ಪರಿಹಾರ ಪಡೆಯುವುದು ಹೇಗೆ?

ದೊಡ್ಡ ಬ್ರ್ಯಾಂಡ್‌ನ ಹೆಸರಿನಲ್ಲಿ ಡೋನಟ್ ಅಂಗಡಿಯನ್ನೋ ಮೋಟೆಲನ್ನೋ ನಡೆಸುತ್ತಿರುವವರಿಗೆ ಮೂಲ ಕಂಪನಿಯಿಂದ ‘ಒಪ್ಪಂದ ರದ್ದು’ ಎಂಬ ಪತ್ರ ಬಂದರೆ, ಸಾಲ ಮಾಡಿ ಹಾಕಿದ ಬಂಡವಾಳವೂ ಕಷ್ಟಪಟ್ಟು ಕಟ್ಟಿಕೊಂಡ ಗಿರಾಕಿಗಳೂ ಒಟ್ಟಿಗೆ ಕೈತಪ್ಪುತ್ತವೆ. ಅಮೆರಿಕದ ಎಲ್ಲ ರಾಜ್ಯಗಳಲ್ಲಿ ಇದಕ್ಕೆ ಪ್ರತ್ಯೇಕ ಕಾನೂನಿನ ರಕ್ಷಣೆ ಇಲ್ಲ. ನ್ಯೂಜೆರ್ಸಿಯಲ್ಲಿ 1971ರಿಂದಲೇ ಫ್ರಾಂಚೈಸ್ ಪ್ರಾಕ್ಟೀಸಸ್ ಆ್ಯಕ್ಟ್ ಇದೆ. ಅಲ್ಲಿ ವ್ಯಾಪಾರಕ್ಕಿಳಿಯುವ ಕನ್ನಡಿಗರು ಇದನ್ನು ತಿಳಿದಿರಲೇಬೇಕು.

ಮೊದಲು, ಕಾಯ್ದೆ ನಿಮಗೆ ಅನ್ವಯಿಸುತ್ತದೆಯೇ ನೋಡಿ. ಒಪ್ಪಂದದ ಪ್ರಕಾರ ವ್ಯಾಪಾರದ ಜಾಗ ನ್ಯೂಜೆರ್ಸಿಯಲ್ಲೇ ಇರಬೇಕು. ದಾವೆಗೆ ಮುಂಚಿನ 12 ತಿಂಗಳಲ್ಲಿ ಕಂಪನಿಗೂ ನಿಮಗೂ ನಡೆದ ವಹಿವಾಟು 35,000 ಡಾಲರ್ ದಾಟಿರಬೇಕು. ನಿಮ್ಮ ಒಟ್ಟು ಮಾರಾಟದಲ್ಲಿ ಶೇ 20ಕ್ಕಿಂತ ಹೆಚ್ಚು ಆ ಫ್ರಾಂಚೈಸಿಯಿಂದ ಬಂದಿರಬೇಕು. ಪೆಟ್ರೋಲ್ ಬಂಕ್‌ನವರಿಗೆ 1978ರ ಬೇರೆಯೇ ಫೆಡರಲ್ ಕಾಯ್ದೆಯಿದೆ.

ಮುಂದೆ, ನೋಟಿಸಿನ ತಾರೀಕು ಮತ್ತು ಕಾರಣ ಓದಿ. ಕಾರಣ ಬರೆದು 60 ದಿನ ಮುಂಚೆ ಲಿಖಿತ ನೋಟಿಸು ಕೊಡಬೇಕು. ನೀವೇ ಅಂಗಡಿ ಬಿಟ್ಟುಹೋಗಿದ್ದರೆ 15 ದಿನ ಸಾಕು. ವ್ಯಾಪಾರಕ್ಕೆ ನೇರ ಸಂಬಂಧಿಸಿದ ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ನೋಟಿಸು ತಲುಪಿದೊಡನೆ ರದ್ದು.

ಕಾರಣವೇ ಇಲ್ಲಿ ಮುಖ್ಯ. ನೀವು ಒಪ್ಪಂದದ ಷರತ್ತುಗಳನ್ನು ಗಣನೀಯವಾಗಿ ಮೀರಿದ್ದರೆ ಮಾತ್ರ ಕಾಯ್ದೆಯ ದೃಷ್ಟಿಯಲ್ಲಿ ಅದು ಸರಿಯಾದ ಕಾರಣ. ‘ಈ ಜಾಗ ನಮಗೆ ಲಾಭವಿಲ್ಲ’ ಎಂದು ಕಂಪನಿ ಪ್ರಾಮಾಣಿಕವಾಗಿಯೇ ಹೇಳಿದರೂ ಪರಿಹಾರ ತಪ್ಪುವುದಿಲ್ಲ. 1981ರ ವೆಸ್ಟ್‌ಫೀಲ್ಡ್ ಸೆಂಟರ್ ಸರ್ವಿಸ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಇಡೀ ಕಾಯ್ದೆಯ ಜೀವ ಈ ತೀರ್ಪಿನಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಪರಿಹಾರದ ಲೆಕ್ಕವೂ ಅದೇ ತೀರ್ಪಿನದು: ನಡೆಯುತ್ತಿರುವ ವ್ಯಾಪಾರದ ನ್ಯಾಯವಾದ ಬೆಲೆಯಿಂದ, ಸಾಮಾನು ಸರಂಜಾಮು ಮಾರಿದರೆ ಸಿಗುವ ಹಣವನ್ನು ಕಳೆಯಬೇಕು. ನಿಮ್ಮ ಅಂಗಡಿ 4,00,000 ಡಾಲರ್ ಬೆಲೆಬಾಳುತ್ತದೆ, ಫ್ರಿಜ್ಜು, ಓವನ್, ದಾಸ್ತಾನು ಮಾರಿದರೆ 90,000 ಬರುತ್ತದೆ ಎಂದಿಟ್ಟುಕೊಳ್ಳಿ. ಕೇಳಬಹುದಾದ್ದು 3,10,000. ಗೆದ್ದರೆ ದಾವೆಯ ಖರ್ಚು, ನ್ಯಾಯವಾದ ವಕೀಲರ ಫೀಸು ಕೂಡ ಕಂಪನಿಯದೇ. ಒಂದೇ ನಷ್ಟಕ್ಕೆ ಎರಡು ಸಲ ಕೇಳುವಂತಿಲ್ಲ.

ಆ ಬೆಲೆಯನ್ನು ರುಜುವಾತು ಮಾಡುವುದು ನಿಮ್ಮ ಹೊಣೆ. ತೆರಿಗೆ ರಿಟರ್ನ್, ತಿಂಗಳ ಮಾರಾಟದ ಲೆಕ್ಕ, ರಾಯಲ್ಟಿ ಕಟ್ಟಿದ ರಸೀದಿ, ತಪಾಸಣೆಗೆ ಬಂದವರು ಕೊಟ್ಟ ವರದಿ, ಕಂಪನಿಯ ಇಮೇಲ್‌ಗಳ ಪ್ರತಿ ತೆಗೆದಿಡಿ. ಮಾರಾಟದ ಲೆಕ್ಕ ಕಂಪನಿಯದೇ ಕಂಪ್ಯೂಟರಿನಲ್ಲಿದ್ದರೆ, ಪಾಸ್‌ವರ್ಡ್ ಬಂದ್ ಆಗುವ ಮೊದಲೇ ಪ್ರಿಂಟ್ ತೆಗೆಯಿರಿ.

‘ದಾವೆಯನ್ನು ನಮ್ಮ ರಾಜ್ಯದಲ್ಲೇ ಹೂಡಬೇಕು’ ಎಂಬ ಷರತ್ತು ಒಪ್ಪಂದದಲ್ಲಿದ್ದರೆ ಹೆದರಬೇಡಿ. ಈ ಕಾಯ್ದೆಯಡಿ ಬರುವ ಫ್ರಾಂಚೈಸಿಗಳಲ್ಲಿ ಅಂಥ ಷರತ್ತು ಸಾಮಾನ್ಯವಾಗಿ ಊರ್ಜಿತವಲ್ಲ ಎಂದು 1996ರಲ್ಲಿ ಅದೇ ಕೋರ್ಟ್ ಹೇಳಿದೆ. ಪಂಚಾಯ್ತಿ, ಅಂದರೆ ಆರ್ಬಿಟ್ರೇಷನ್ ಷರತ್ತಿನ ಮಾತು ಬೇರೆ. ಅದಕ್ಕೆ ಫೆಡರಲ್ ಕಾನೂನಿನ ಬಲವಿದೆ.

ರದ್ದತಿಯನ್ನೇ ತಡೆಯುವ ಆದೇಶವನ್ನೂ ಕೋರ್ಟಿನಲ್ಲಿ ಕೇಳಬಹುದು. ಆದರೆ ಬೋರ್ಡು ಇಳಿಸಿದ ಮೇಲೆ ಅದು ಬಹಳ ಕಷ್ಟ. ಆದ್ದರಿಂದ ನೋಟಿಸು ಕೈಗೆ ಬಂದ ವಾರದಲ್ಲೇ ಫ್ರಾಂಚೈಸಿ ವ್ಯಾಜ್ಯ ನಡೆಸುವ ವಕೀಲರನ್ನು ಕಾಣಿ, ಅಲ್ಲಿಯವರೆಗೆ ಕಂಪನಿ ಕಳಿಸಿದ ಯಾವ ರಾಜಿಪತ್ರಕ್ಕೂ ಸಹಿ ಹಾಕಬೇಡಿ.