ಜೇಡಮರಿಯ ಪಾಲನೆ

ಕಳೆದ ತಿಂಗಳು ವಾಚನಾಲಯದ ಕಪಾಟನ್ನು ಜರುಗಿಸಿ ಗುಡಿಸುವಾಗ ಗೋಡೆಯ ಮೂಲೆಯಲ್ಲಿ ಒಂದು ಜೇಡ ಕಂಡಿತು. ಎಂಟು ಕಾಲೂ ನೆಟ್ಟಗಿದ್ದವು, ಮುಟ್ಟಿದರೆ ಅಲುಗಲಿಲ್ಲ. "ಪಾಪ, ಸತ್ತಿದೆ" ಎಂದರು ಒಬ್ಬರು. ಎತ್ತಿ ನೋಡಿದರೆ ಒಳಗೆ ಏನೂ ಇಲ್ಲ, ಬರಿಯ ಸಿಪ್ಪೆ! ಹಾವಿನಂತೆ ಜೇಡವೂ ಪೊರೆ ಬಿಡುತ್ತದೆಯೆಂಬುದನ್ನು ನಮ್ಮಲ್ಲಿ ಅನೇಕರು ಅಂದೇ ಅರಿತೆವು. ಆ ಕುತೂಹಲದಿಂದ ಹುಟ್ಟಿದ ಪಾಠವಿದು.

ಯುರೋಪು, ಅಮೆರಿಕಗಳಲ್ಲಿ ಟರಂಟುಲಾ ಎಂಬ ದೊಡ್ಡ ರೋಮದ ಜೇಡಗಳನ್ನು ಮನೆಯಲ್ಲಿ ಸಾಕುವವರಿದ್ದಾರೆ. ಅವರು ಬಹಳವಾಗಿ ಮೆಚ್ಚುವ ಒಂದು ನೀಲಿ ಜೇಡ ನಮ್ಮ ನೆರೆಯದೇ. ಮುಂಬಯಿಯಿಂದ ರಾಯಚೂರಿನ ಮೇಲೆ ಚೆನ್ನೈಗೆ ಹೋಗುವ ದಾರಿಯಲ್ಲಿ ಗುಂತಕಲ್ಲು ದಾಟಿದರೆ ಗುತ್ತಿ ಬರುತ್ತದೆ. ಅಲ್ಲಿ ರೈಲ್ವೆಯವರು ಮರ ಶೇಖರಿಸುತ್ತಿದ್ದ ಅಂಗಳದಲ್ಲಿ ಸಿಕ್ಕಿದ ಜೇಡವನ್ನು ಪೋಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿ 1899ರಲ್ಲಿ ವರ್ಣಿಸಿ, ಪೊಯಿಸಿಲೋಥೀರಿಯ ಮೆಟಾಲಿಕ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ಮತ್ತೆ ಕಂಡದ್ದು ಗುತ್ತಿಯಲ್ಲಲ್ಲ. ನಂದ್ಯಾಲ, ಗಿದ್ದಲೂರುಗಳ ನಡುವಣ ಕಾಡಿನಲ್ಲಿ. ಮೊದಲು ಸಿಕ್ಕಿದ್ದು ದಿಮ್ಮಿಗಳ ಜೊತೆ ರೈಲು ಹತ್ತಿ ಬಂದಿರಬೇಕೆಂದು ಊಹೆ. ಹೊಟ್ಟೆಪಾಡಿಗೆ ರೈಲು ಹತ್ತಿದ ನಮಗೆ ಇದೇನು ಹೊಸ ಕಥೆಯಲ್ಲ.

ಇನ್ನು ಮರಿಯ ವಿಚಾರ. ಮೊಟ್ಟೆಯಿಂದ ಬಂದ ಮರಿ ಬೆರಳುಗುರಿನಷ್ಟು ಪುಟ್ಟದು, ಬಣ್ಣವೂ ಮಂಕು. ಅದನ್ನು ಗಾಳಿಯಾಡಲು ಸಣ್ಣ ತೂತುಗಳಿರುವ ಚಿಕ್ಕ ಡಬ್ಬಿಯಲ್ಲಿಡುತ್ತಾರೆ. ಡಬ್ಬಿ ದೊಡ್ಡದಾದರೆ ಮರಿಗೆ ಆಹಾರ ಹುಡುಕುವುದು ಕಷ್ಟ. ತಳಕ್ಕೆ ತುಸು ತೇವವಾದ ತೆಂಗಿನ ನಾರಿನ ಪುಡಿ. ಇದು ಮರದ ಪೊಟರೆಯಲ್ಲಿ ವಾಸಿಸುವ ಜಾತಿಯಾದುದರಿಂದ ಅವಿತುಕೊಳ್ಳಲು ಓರೆಯಾಗಿ ನಿಲ್ಲಿಸಿದ ಒಂದು ತೊಗಟೆ. ಕುಡಿಯಲು ಡಬ್ಬಿಯ ಗೋಡೆಗೆ ಚಿಮುಕಿಸಿದ ಒಂದೆರಡು ಹನಿ ನೀರು ಸಾಕು. ಆಹಾರಕ್ಕೆ ಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣ. ಇಲ್ಲವೆ ಅದರ ಮೈಗಿಂತ ಚಿಕ್ಕದಾದ ಬೇರೊಂದು ಹುಳು.

ಹೀಗೆ ಚೆನ್ನಾಗಿ ತಿನ್ನುತ್ತಿದ್ದ ಮರಿ ಒಂದು ದಿನ ಇದ್ದಕ್ಕಿದ್ದಂತೆ ಊಟ ಬಿಡುತ್ತದೆ. ಮೂಲೆ ಸೇರುತ್ತದೆ. ದಿನಗಳು, ಕೆಲವೊಮ್ಮೆ ವಾರಗಳು ಕಳೆಯುತ್ತವೆ. ಕೊನೆಗೆ ಬೆನ್ನ ಮೇಲೆ ಅಂಗಾತ ಮಲಗಿಬಿಡುತ್ತದೆ. ಹೊಸದಾಗಿ ಸಾಕುವವರು ಗಾಬರಿಗೊಂಡು ಕಡ್ಡಿಯಿಂದ ತಿರುಗಿಸಿ ನೋಡುತ್ತಾರೆ. ಮರಿ ಸಾಯುವುದು ಇಂಥ ಉಪಚಾರದಿಂದಲೇ! ಅದಕ್ಕೆ ಬಂದಿರುವುದು ರೋಗವಲ್ಲ, ಬೆಳವಣಿಗೆ. ಜೇಡದ ಎಲುಬು ಮೈಯ ಹೊರಗಿನ ಗಟ್ಟಿ ಚರ್ಮವೇ, ಅದು ಹಿಗ್ಗದು. ಬೆಳೆಯಬೇಕಾದರೆ ಹಳೆಯದನ್ನು ಕಳಚಲೇಬೇಕು. ಕಾಲಿನ ಚರ್ಮವಷ್ಟೇ ಅಲ್ಲ, ವಿಷದ ಹಲ್ಲಿನ ಕವಚ, ಉಸಿರಾಟದ ಅಂಗದ ಒಳಪದರ ಕೂಡ ಕಳಚಿ ಬರುತ್ತವೆ. ಮುರಿದುಹೋದ ಕಾಲೂ ಹೀಗೆಯೇ ಮರಳಿ ಬೆಳೆಯುತ್ತದೆ.

ಪೊರೆ ಬಿಟ್ಟ ಮರಿಯ ಮೈ ಬೆಣ್ಣೆಯಂತೆ ಮೆತು, ಹಲ್ಲು ಬಿಳಿ. ಆಗ ಡಬ್ಬಿಯಲ್ಲಿ ಉಳಿದ ಹುಳುವೇ ಜೇಡವನ್ನು ಕಚ್ಚಬಲ್ಲದು. ಆದುದರಿಂದ ತಿನ್ನದೆ ಬಿಟ್ಟ ಹುಳುವನ್ನು ತೆಗೆದುಬಿಡಬೇಕು. ಹಲ್ಲು ಗಟ್ಟಿಯಾಗುವವರೆಗೆ ಕೆಲವು ದಿನ ಊಟ ಕೊಡಬಾರದು. ಕೈಯಲ್ಲಿ ಹಿಡಿಯುವುದಂತೂ ಎಂದಿಗೂ ಸಲ್ಲದು: ಕೆಳಕ್ಕೆ ಬಿದ್ದರೆ ಅದರ ಹೊಟ್ಟೆ ಒಡೆದೀತು, ಕಚ್ಚಿದರೆ ನಮಗೆ ಕಡುನೋವು, ಸ್ನಾಯುಗಳ ಸೆಳೆತ. ಹೀಗೆ ಪೊರೆಯ ಮೇಲೆ ಪೊರೆ ಕಳಚಿ, ಮಂಕು ಮರಿ ಕ್ರಮೇಣ ಹೊಳೆಯುವ ನೀಲಿಯಾಗುತ್ತದೆ. ಆ ನೀಲಿ ಬಳಿದ ಬಣ್ಣದಂಥದಲ್ಲ. ರೋಮದ ಅತಿಸೂಕ್ಷ್ಮ ರಚನೆ ಬೆಳಕನ್ನು ಹಿಂದಿರುಗಿಸುವ ಬಗೆ.

ಹಾಗೆಂದು ಯಾರೂ ಕಾಡಿಗೆ ಹೋಗಿ ಈ ಮರಿಯನ್ನು ತರಬಾರದು. ಸೌದೆಗಾಗಿ ಮರ ಕಡಿಯುವುದರಿಂದಲೂ ಮಾರಾಟಕ್ಕಾಗಿ ಹಿಡಿಯುವುದರಿಂದಲೂ ಇದು ನಾಶದ ಅಂಚಿನಲ್ಲಿದೆ. 2008ರಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. 2019ರಲ್ಲಿ ಇದರ ಕುಲದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಲಾಯಿತು.

ನಮಗೆ ಬೇಕಾದ ಪಾಠಕ್ಕೆ ಖೋಲಿಯ ಗೋಡೆಯ ಜೇಡವೇ ಸಾಕು. ಅದು ಅಲುಗದೆ ಕುಳಿತಿದ್ದರೆ ಒಂದೆರಡು ದಿನ ಪೊರಕೆಯನ್ನು ತಡೆದು ನೋಡಿ. ಸಿಪ್ಪೆ ಸಿಕ್ಕಿದವರು ವಾಚನಾಲಯಕ್ಕೆ ತಂದರೆ, ನಮ್ಮ ಸಿಪ್ಪೆಯ ಪಕ್ಕದಲ್ಲಿಯೇ ಅದನ್ನೂ ಇಡುವೆವು.