ನಿಮ್ಮ ಮಾಹಿತಿ ಯಾರ ಕೈಯಲ್ಲಿ ಎಷ್ಟು ಭದ್ರ? ಕಂಪನಿಗಳನ್ನು ತೂಗಿ ನೋಡುವ ಬಗೆ

ಬಿಲ್ಲಿಂಗ್ ಕೌಂಟರ್‌ನಲ್ಲಿ ಸರದಿ ಬಂದೊಡನೆ ಮೊದಲ ಮಾತು, ‘ಮೊಬೈಲ್ ನಂಬರ್ ಹೇಳಿ’. ಹಿಂದೆ ನಿಂತವರಿಗೆಲ್ಲ ಕೇಳುವಂತೆ ಹತ್ತು ಅಂಕಿ ಹೇಳಿ, ಚೀಲ ಎತ್ತಿಕೊಂಡು ಹೊರಡುವವರನ್ನು ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ದಿನಾ ನೋಡಬಹುದು. ಮನೆ ಸೇರಿದ ಮೇಲೆ ದಿನಸಿ ಆ್ಯಪ್‌ಗೆ ವಿಳಾಸ, ವಿಮಾನ ಕಂಪನಿಗೆ ಪಾಸ್‌ಪೋರ್ಟ್ ಸಂಖ್ಯೆ, ಆರೋಗ್ಯ ವಿಮೆಯವರಿಗೆ ಸಕ್ಕರೆ ಕಾಯಿಲೆಯ ವರದಿ. ಅಕ್ಕಿ ಕೊಳ್ಳುವಾಗ ಎರಡು ಅಂಗಡಿಯಲ್ಲಿ ದರ ವಿಚಾರಿಸುವವರೂ ಇದನ್ನೆಲ್ಲ ಕೊಡುವಾಗ ಎರಡು ಕಂಪನಿಗಳನ್ನು ಹೋಲಿಸುವುದಿಲ್ಲ. ಹೋಲಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಹೋಲಿಸಲು ಸಾಧ್ಯವಿದೆ. ಅದಕ್ಕೆ ಕಂಪ್ಯೂಟರ್ ಪಾಂಡಿತ್ಯ ಬೇಡ, ಒಂದು ನೋಟ್‌ಬುಕ್, ಇಂಟರ್ನೆಟ್ ಮತ್ತು ಒಂದು ಭಾನುವಾರದ ಮಧ್ಯಾಹ್ನ ಸಾಕು. ಆದರೆ ಮೊದಲು ಎರಡು ತಪ್ಪು ಅಭ್ಯಾಸಗಳನ್ನು ಬಿಡಬೇಕು. ‘ದೊಡ್ಡ ಕಂಪನಿ, ಏನೂ ಆಗಲ್ಲ’ ಎಂಬ ನಂಬಿಕೆ ಒಂದು. ‘ಅವರಲ್ಲಿ ಒಮ್ಮೆ ಸೋರಿಕೆ ಆಗಿತ್ತು, ಆದ್ದರಿಂದ ಅವರು ಕೆಟ್ಟವರು’ ಎಂಬ ತೀರ್ಮಾನ ಇನ್ನೊಂದು. ಸೋರಿಕೆಯನ್ನು ಒಪ್ಪಿಕೊಂಡ ಕಂಪನಿಗಿಂತ, ತನ್ನಲ್ಲಿ ಕಳ್ಳ ಹೊಕ್ಕಿದ್ದು ಗೊತ್ತೇ ಆಗದ ಕಂಪನಿ ಹೆಚ್ಚು ಅಪಾಯಕಾರಿ.

ಮೊದಲ ಹೆಜ್ಜೆ: ಅವರ ಬಳಿ ನಿಮ್ಮದು ಏನೇನಿದೆ?

ದಿನಸಿ ಆ್ಯಪ್ಪನ್ನು ವಿಮಾ ಕಂಪನಿಯ ಜೊತೆ ತೂಗಬಾರದು. ದಿನಸಿಯವರನ್ನು ದಿನಸಿಯವರ ಜೊತೆ, ಬ್ಯಾಂಕನ್ನು ಬ್ಯಾಂಕಿನ ಜೊತೆ ಇಟ್ಟು ನೋಡಬೇಕು. ಪ್ರತಿ ಕಂಪನಿಯ ಹೆಸರಿನ ಕೆಳಗೆ ಅದರ ಬಳಿ ಇರುವ ಮಾಹಿತಿಯನ್ನು ಬರೆದುಕೊಳ್ಳಿ. ಪಕ್ಕದಲ್ಲಿ, ಅದು ಹೊರಬಿದ್ದರೆ ಬದಲಿಸಿಕೊಳ್ಳಲು ಆಗುತ್ತದೆಯೇ ಎಂಬುದನ್ನೂ ಬರೆಯಿರಿ. ಪಾಸ್‌ವರ್ಡ್ ಐದು ನಿಮಿಷದಲ್ಲಿ ಬದಲಾಗುತ್ತದೆ, ಕಾರ್ಡ್ ಒಂದು ವಾರದಲ್ಲಿ. ಹುಟ್ಟಿದ ದಿನಾಂಕ, ಪ್ಯಾನ್, ರಕ್ತ ಪರೀಕ್ಷೆಯ ವರದಿ ಬದಲಾಗುವುದಿಲ್ಲ. 2017ರ ಮೇನಲ್ಲಿ ಜೊಮ್ಯಾಟೊದ ಸುಮಾರು 1.7 ಕೋಟಿ ಬಳಕೆದಾರರ ಮಾಹಿತಿ ಕಳುವಾದಾಗ ಹೋದದ್ದು ಮುಖ್ಯವಾಗಿ ಇಮೇಲ್ ವಿಳಾಸ ಮತ್ತು ಸಂಕೇತರೂಪಕ್ಕೆ ತಿರುಗಿಸಿದ ಪಾಸ್‌ವರ್ಡ್. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ವೈದ್ಯಕೀಯ ದಾಖಲೆಗಳನ್ನು ಟೆಲಿಗ್ರಾಮ್‌ನ ಚಾಟ್‌ಬಾಟ್‌ಗಳು ಕೇಳಿದವರಿಗೆ ಕೊಡುತ್ತಿದ್ದವು. ಪತ್ರಿಕೆಯಲ್ಲಿ ಎರಡಕ್ಕೂ ‘ಡೇಟಾ ಸೋರಿಕೆ’ ಎಂಬ ಒಂದೇ ತಲೆಬರಹ. ಅನುಭವಿಸುವವರಿಗೆ ಎರಡೂ ಒಂದೇ ಅಲ್ಲ.

ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಪುಟ ತೆರೆದು ಕೆಳಗೆ ಸರಿದರೆ ‘ಡೇಟಾ ಸೇಫ್ಟಿ’ ಎಂಬ ಭಾಗ ಸಿಗುತ್ತದೆ. ಏನನ್ನು ಸಂಗ್ರಹಿಸುತ್ತಾರೆ, ಯಾವುದನ್ನು ಬೇರೆಯವರಿಗೆ ಕೊಡುತ್ತಾರೆ, ಅಳಿಸಲು ಕೇಳಬಹುದೇ ಎಂಬ ವಿವರ ಅಲ್ಲಿದೆ. ಅದು ಕಂಪನಿ ತಾನೇ ಬರೆದುಕೊಂಡದ್ದು ಎಂಬುದನ್ನು ಮರೆಯಬೇಡಿ. ಆದರೂ ಒಂದೇ ಕೆಲಸ ಮಾಡುವ ಎರಡು ಆ್ಯಪ್‌ಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟಾಗ, ತರಕಾರಿ ತಲುಪಿಸಲು ಒಬ್ಬರಿಗೆ ಸಂಪರ್ಕ ಪಟ್ಟಿಯೂ ಬೇಕು, ಇನ್ನೊಬ್ಬರಿಗೆ ಬೇಡ ಎಂಬಂಥ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕಡಿಮೆ ಕೇಳುವವರಿಗೆ ಹೆಚ್ಚು ಅಂಕ ಕೊಡಿ.

ಎರಡನೇ ಹೆಜ್ಜೆ: ಕಳ್ಳ ಒಳಗೆ ಎಷ್ಟು ದಿನ ಇದ್ದ? ಕಂಡವರು ಯಾರು?

ಇಡೀ ಹೋಲಿಕೆಯಲ್ಲಿ ಅತಿ ಹೆಚ್ಚು ತೂಕ ಕೊಡಬೇಕಾದದ್ದು ಇದಕ್ಕೆ. ಅಮೆರಿಕದ ಟಾರ್ಗೆಟ್ ಮಳಿಗೆಗಳ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕಾರಣ ಗೊತ್ತಾಗುತ್ತದೆ. ಅದರಲ್ಲಿ ಬೆಂಗಳೂರಿಗೂ ಪಾತ್ರವಿದೆ.

2013ರ ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಅಂದಿನಿಂದ ಟಾರ್ಗೆಟ್‌ನ ಬಿಲ್ಲಿಂಗ್ ಯಂತ್ರಗಳಲ್ಲಿ ಉಜ್ಜಿದ ಕಾರ್ಡ್‌ಗಳ ವಿವರ ಕಳ್ಳರ ಪಾಲಾಗತೊಡಗಿತು. ಕಳ್ಳರು ಒಳಹೊಕ್ಕದ್ದು, ಟಾರ್ಗೆಟ್‌ಗೆ ಶೈತ್ಯೀಕರಣ ಮತ್ತು ಹವಾನಿಯಂತ್ರಣದ ಕೆಲಸ ಮಾಡಿಕೊಡುತ್ತಿದ್ದ ಪೆನ್ಸಿಲ್ವೇನಿಯಾದ ಸಣ್ಣ ಗುತ್ತಿಗೆದಾರರ ಪಾಸ್‌ವರ್ಡ್ ಕದ್ದು. ಟಾರ್ಗೆಟ್ ಕೆಲವು ತಿಂಗಳ ಹಿಂದಷ್ಟೇ ದುಬಾರಿ ಕಾವಲು ವ್ಯವಸ್ಥೆಯೊಂದನ್ನು ಹಾಕಿಸಿತ್ತು. ಅದು ಕೆಲಸವನ್ನೂ ಮಾಡಿತು. ನವೆಂಬರ್ 30ರಂದು ಬೆಂಗಳೂರಿನಲ್ಲಿ ಕುಳಿತು ಪರದೆ ನೋಡುತ್ತಿದ್ದ ತಂಡಕ್ಕೆ ಎಚ್ಚರಿಕೆ ಬಂತು, ಅವರು ಮಿನಿಯಾಪೊಲಿಸ್‌ನ ಕೇಂದ್ರ ಕಚೇರಿಗೆ ತಿಳಿಸಿದರು ಎಂದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ 2014ರ ಮಾರ್ಚ್‌ನಲ್ಲಿ ವರದಿ ಮಾಡಿತು. ಅಲ್ಲಿ ಯಾರೂ ಕದಲಲಿಲ್ಲ. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆ ಬಾಗಿಲು ತಟ್ಟಿದ ಮೇಲೆ ಕಂಪನಿ ಎಚ್ಚೆತ್ತಿತು. ಅಷ್ಟರಲ್ಲಿ 4 ಕೋಟಿ ಕಾರ್ಡ್‌ಗಳ ವಿವರ ಹೋಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾರ್ಡ್ ಭದ್ರತೆಯ ಮಾನದಂಡದಲ್ಲಿ ಟಾರ್ಗೆಟ್ ಪಾಸಾಗಿತ್ತು ಎಂಬುದು ಪ್ರಮಾಣಪತ್ರಗಳನ್ನು ನೋಡಿ ನಂಬುವವರು ಗಮನಿಸಬೇಕಾದ ವಿಷಯ.

ಈಗ ಬೇರೆ ಕಂಪನಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಟಾರ್ಗೆಟ್‌ನಲ್ಲಿ ಕಳ್ಳತನ ಮೂರು ವಾರದೊಳಗೆ ನಿಂತಿತು. ಅಮೆರಿಕದ ಇನ್ನೊಂದು ಮಳಿಗೆ ಸರಣಿ ಹೋಮ್ ಡಿಪೊದಲ್ಲಿ 2014ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, 5.6 ಕೋಟಿ ಕಾರ್ಡ್. ಜನರ ಸಾಲದ ಇತಿಹಾಸ ಇಟ್ಟುಕೊಳ್ಳುವ ಈಕ್ವಿಫ್ಯಾಕ್ಸ್‌ನಲ್ಲಿ 2017ರ ಮೇ ನಡುವಿನಿಂದ ಜುಲೈ ಕೊನೆಯವರೆಗೆ, ಸುಮಾರು 14.7 ಕೋಟಿ ಜನರ ವಿವರ. ಕಳ್ಳರು ನುಸುಳಿದ ತಂತ್ರಾಂಶದ ಬಿರುಕನ್ನು ಮುಚ್ಚುವ ತೇಪೆ ಮಾರ್ಚ್‌ನಲ್ಲೇ ಸಿಕ್ಕಿತ್ತು, ಹಚ್ಚಿರಲಿಲ್ಲ. ಒಳಹೊರಗಿನ ಸಂಚಾರ ತಪಾಸಣೆ ಮಾಡುವ ಉಪಕರಣದ ಪ್ರಮಾಣಪತ್ರದ ಅವಧಿ ತಿಂಗಳುಗಳ ಹಿಂದೆಯೇ ಮುಗಿದಿದ್ದರಿಂದ ಕಳ್ಳರ ಓಡಾಟ ಕಾಣಿಸಿರಲಿಲ್ಲ. ಜುಲೈ 29ರಂದು ಪ್ರಮಾಣಪತ್ರ ನವೀಕರಿಸಿದ ಕೂಡಲೇ ಕಂಡಿತು. ಜನರಿಗೆ ಹೇಳಿದ್ದು ಸೆಪ್ಟೆಂಬರ್ 7ರಂದು. ಇನ್ನು ಮ್ಯಾರಿಯಟ್ ಹೋಟೆಲ್ ಸಮೂಹ 2016ರಲ್ಲಿ ಸ್ಟಾರ್‌ವುಡ್ ಅನ್ನು ಕೊಂಡಾಗ, ಅದರ ಕಂಪ್ಯೂಟರ್‌ಗಳೊಳಗೆ 2014ರಿಂದಲೂ ಇದ್ದ ಕಳ್ಳನನ್ನೂ ಸೇರಿಸಿಯೇ ಕೊಂಡಿತು. ಗೊತ್ತಾದದ್ದು 2018ರಲ್ಲಿ. ಸಂಕೇತರೂಪಕ್ಕೆ ತಿರುಗಿಸದೆ ಹಾಗೇ ಇಟ್ಟಿದ್ದ 52 ಲಕ್ಷಕ್ಕೂ ಹೆಚ್ಚು ಪಾಸ್‌ಪೋರ್ಟ್ ಸಂಖ್ಯೆಗಳು ಕಳುವಾದ ಮಾಹಿತಿಯಲ್ಲಿದ್ದವು. ಬ್ರಿಟನ್ನಿನ ನಿಯಂತ್ರಕರು 2020ರಲ್ಲಿ 1.84 ಕೋಟಿ ಪೌಂಡ್ ದಂಡ ಹಾಕಿದರು.

ನೋಟ್‌ಬುಕ್ಕಿನಲ್ಲಿ ಪ್ರತಿ ಕಂಪನಿಗೂ ಮೂರು ಉತ್ತರ ಬರೆಯಿರಿ. ಎಷ್ಟು ದಿನ? ಕಂಡುಹಿಡಿದವರು ಕಂಪನಿಯವರೇ, ಹೊರಗಿನವರೇ? ಗ್ರಾಹಕರಿಗೆ ಎಷ್ಟು ದಿನಕ್ಕೆ, ಯಾವ ಮಾತಿನಲ್ಲಿ ಹೇಳಿದರು? ಆಕಾಶ ಏರ್ 2022ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದ ತಿಂಗಳಲ್ಲೇ ಎಡವಿತು. ಆದರೆ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಾನೇ ವರದಿ ಮಾಡಿ, ಯಾವ ಯಾವ ವಿವರ ಹೊರಗೆ ಹೋಗಿರಬಹುದೆಂದು ಗ್ರಾಹಕರಿಗೆ ತಿಳಿಸಿತು. ಇಂಥ ನಡೆಗೆ ಅಂಕ ಸಲ್ಲಲೇಬೇಕು. ‘ನಿಮ್ಮ ಸುರಕ್ಷತೆಯೇ ನಮ್ಮ ಆದ್ಯತೆ’ ಎಂದಷ್ಟೇ ಹೇಳಿ ಏನು ಹೋಯಿತೆಂದು ಹೇಳದ ಪ್ರಕಟಣೆಗೆ ಏನೂ ಸಲ್ಲದು.

ಮೂರನೇ ಹೆಜ್ಜೆ: ಕಂಪನಿಯ ಹಿಂದಿರುವ ಕಂಪನಿ

2021ರ ಫೆಬ್ರುವರಿಯಲ್ಲಿ ವಿಮಾನಯಾನ ಕಂಪನಿಗಳ ಪ್ರಯಾಣಿಕರ ಮಾಹಿತಿ ನಿರ್ವಹಿಸುವ ಸಿಟಾ ಎಂಬ ಸಂಸ್ಥೆಯ ಮೇಲೆ ದಾಳಿಯಾಯಿತು. ಏರ್ ಇಂಡಿಯಾ, ಸಿಂಗಪುರ ಏರ್‌ಲೈನ್ಸ್ ಎರಡಕ್ಕೂ ಪೆಟ್ಟು ಬಿತ್ತು. ಸಿಂಗಪುರ ಏರ್‌ಲೈನ್ಸ್‌ನ ಸುಮಾರು 5.8 ಲಕ್ಷ ಸದಸ್ಯರದ್ದು ಸದಸ್ಯತ್ವ ಸಂಖ್ಯೆ, ಶ್ರೇಣಿ, ಕೆಲವರ ಹೆಸರು ಮಾತ್ರ ಹೋಯಿತು, ಏಕೆಂದರೆ ಅಲ್ಲಿಗೆ ಕಳಿಸಿದ್ದೇ ಅಷ್ಟು. ಏರ್ ಇಂಡಿಯಾದ ಪ್ರಯಾಣಿಕರ ವ್ಯವಸ್ಥೆಯೇ ಸಿಟಾ ಬಳಿ ಇತ್ತು. ಹೀಗಾಗಿ ಹತ್ತು ವರ್ಷಗಳ ಅವಧಿಯ, ಜಗತ್ತಿನಾದ್ಯಂತ ಸುಮಾರು 45 ಲಕ್ಷ ಜನರ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್, ಟಿಕೆಟ್ ವಿವರಗಳು ದಾಳಿಗೆ ಸಿಕ್ಕವು. ಸಿಂಗಪುರದವರು ಮಾರ್ಚ್ ಮೊದಲ ವಾರದಲ್ಲಿ ಸದಸ್ಯರಿಗೆ ತಿಳಿಸಿದರು. ಏರ್ ಇಂಡಿಯಾದ ಪೂರ್ಣ ವಿವರ ಮೇನಲ್ಲಿ ಬಂತು. ಯಾರ್‍ಯಾರ ಮಾಹಿತಿ ಹೋಗಿದೆಯೆಂದು ಸಿಟಾ ತನಗೆ ತಿಳಿಸಿದ್ದೇ ಮಾರ್ಚ್ 25 ಮತ್ತು ಏಪ್ರಿಲ್ 5ರಂದು ಎಂಬುದು ಅದರ ವಿವರಣೆ.

ಆದ್ದರಿಂದ ಗೋಪ್ಯತಾ ನೀತಿಯ ಉದ್ದ ಪುಟದಲ್ಲಿ ‘ಮೂರನೆಯವರು’ ಎಂಬ ಭಾಗವನ್ನಷ್ಟೇ ಹುಡುಕಿ ಓದಿ. ಯಾವ ಕೆಲಸಕ್ಕೆ ಯಾರಿಗೆ ಕೊಡುತ್ತೇವೆ, ಎಷ್ಟು ಕಾಲ ಇಡುತ್ತೇವೆ ಎಂದು ಬರೆದವರು ಮೇಲು. ‘ನಮ್ಮ ಪಾಲುದಾರರಿಗೆ, ಅಗತ್ಯವಿರುವವರೆಗೆ’ ಎಂದು ತೇಲಿಸಿದವರು ಕೆಳಗೆ.

ನಾಲ್ಕನೇ ಹೆಜ್ಜೆ: ಯಾರೂ ಬಿಚ್ಚದ ಕಡತ

ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳ ಬಗ್ಗೆ ಗ್ರಾಹಕರಿಗೆ ಒಂದು ಸಾಧನ ಉಚಿತವಾಗಿ ಸಿಗುತ್ತದೆ. ಸೆಬಿ ನಿಯಮದಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳು ಪ್ರತಿ ವರ್ಷ ಬಿಆರ್‌ಎಸ್‌ಆರ್ ಎಂಬ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಸಲ್ಲಿಸಬೇಕು. ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಅದರ ಪಿಡಿಎಫ್ ತೆರೆದುಕೊಳ್ಳುತ್ತದೆ. ನೂರಾರು ಪುಟಗಳಿಗೆ ಹೆದರಬೇಡಿ, ಕೊನೆಗೆ ಹೋಗಿ. ವರದಿಯನ್ನು ತತ್ವಗಳ ಪ್ರಕಾರ ವಿಂಗಡಿಸಿರುತ್ತಾರೆ, ಕೊನೆಯದಾದ ಒಂಬತ್ತನೇ ತತ್ವ ಗ್ರಾಹಕರದ್ದು. ಅಲ್ಲೊಂದು ಕೋಷ್ಟಕ: ಡೇಟಾ ಗೋಪ್ಯತೆ, ಸೈಬರ್ ಭದ್ರತೆ ಎಂಬ ಸಾಲುಗಳು. ಈ ವರ್ಷ ಬಂದ ದೂರು, ಬಾಕಿ ಉಳಿದದ್ದು, ಪಕ್ಕದಲ್ಲಿ ಹಿಂದಿನ ವರ್ಷದ್ದು. ಇನ್ನೂ ಸ್ವಲ್ಪ ಕೆಳಗೆ, ವರ್ಷದಲ್ಲಿ ಎಷ್ಟು ಡೇಟಾ ಸೋರಿಕೆ ಆಯಿತು, ಅದರಲ್ಲಿ ಗ್ರಾಹಕರ ವೈಯಕ್ತಿಕ ಮಾಹಿತಿ ಸೇರಿದ್ದು ಶೇಕಡ ಎಷ್ಟು ಎಂಬ ನೇರ ಪ್ರಶ್ನೆ. ‘ಡೇಟಾ ಬ್ರೀಚ್’ ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿದರೆ ಪುಟ ತಾನಾಗಿ ಬರುತ್ತದೆ. ಎರಡು ಕಂಪನಿಗಳ ಆ ಎರಡು ಪುಟಗಳನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳಿ.

‘ಶೂನ್ಯ’ ಎಂದಿದ್ದರೆ ಅಲ್ಲಿಗೇ ಬಿಡಬೇಡಿ. ಅದೇ ವರ್ಷದ ಸುದ್ದಿಯಲ್ಲಿ ಕಂಪನಿಯ ಹೆಸರು ಹುಡುಕಿ. ಸುದ್ದಿಯಲ್ಲಿ ಸೋರಿಕೆ, ವರದಿಯಲ್ಲಿ ಶೂನ್ಯ ಎಂದಾದರೆ ಆ ಅಂತರವೇ ದೊಡ್ಡ ಮಾಹಿತಿ. ಷೇರುಪೇಟೆಗೆ ಬಾರದ ಸ್ಟಾರ್ಟಪ್‌ಗಳಿಗೆ ಈ ವರದಿಯ ಕಟ್ಟುಪಾಡಿಲ್ಲ, ಅವರ ಖಾಲಿ ಜಾಗವನ್ನು ಒಳ್ಳೆಯ ಅಂಕವೆಂದು ತಿಳಿಯಬಾರದು. ಅಮೆರಿಕದ ಪೇಟೆಯಲ್ಲಿರುವ ಕಂಪನಿಗಳು 2023ರ ನಿಯಮದಂತೆ, ಗಂಭೀರ ಘಟನೆಯೆಂದು ನಿರ್ಧರಿಸಿದ ನಾಲ್ಕು ಕೆಲಸದ ದಿನಗಳೊಳಗೆ ಬಹಿರಂಗಪಡಿಸಬೇಕು. ಅವುಗಳ ಹೆಸರು ಹೆಚ್ಚು ಕೇಳಿಬರಲು ಇದೂ ಒಂದು ಕಾರಣ.

ಬ್ಯಾಂಕುಗಳಾದರೆ ರಿಸರ್ವ್ ಬ್ಯಾಂಕಿನ ಪತ್ರಿಕಾ ಪ್ರಕಟಣೆಗಳನ್ನೂ ನೋಡಬೇಕು. 2024ರ ಏಪ್ರಿಲ್‌ನಲ್ಲಿ ಐಟಿ ವ್ಯವಸ್ಥೆಯ ಕೊರತೆಗಳನ್ನು ಪಟ್ಟಿ ಮಾಡಿ, ಕೋಟಕ್ ಮಹೀಂದ್ರ ಬ್ಯಾಂಕ್ ಆನ್‌ಲೈನ್‌ನಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ, ಹೊಸ ಕ್ರೆಡಿಟ್ ಕಾರ್ಡ್ ಕೊಡದಂತೆ ಅದು ತಡೆದಿತ್ತು. ಸರಿಪಡಿಸಿದ ಮೇಲೆ 2025ರ ಫೆಬ್ರುವರಿಯಲ್ಲಿ ತಡೆ ತೆರವಾಯಿತು. ತಪ್ಪು, ತಿದ್ದುಪಡಿ ಎರಡನ್ನೂ ದಿನಾಂಕದ ಸಮೇತ ಬರೆದುಕೊಳ್ಳಿ.

ಐದನೇ ಹೆಜ್ಜೆ: ಫೋನ್ ಮಾಡಿ ನೋಡಿ

2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಮಳಿಗೆಗಳ ಮೇಲೆ ಸೈಬರ್ ದಾಳಿ ನಡೆದು ಆನ್‌ಲೈನ್ ಮಾರಾಟ ಆರು ವಾರಕ್ಕೂ ಹೆಚ್ಚು ನಿಂತುಹೋಯಿತು. ಲಾಭಕ್ಕೆ ಸುಮಾರು 30 ಕೋಟಿ ಪೌಂಡ್ ಹೊಡೆತ ಎಂದು ಕಂಪನಿ ಅಂದಾಜು ಮಾಡಿತು. ಕಳ್ಳರು ಬೇರೆಯವರ ಸೋಗು ಹಾಕಿ, ಹೊರಗುತ್ತಿಗೆಯವರ ಮೂಲಕ ಒಳಬಂದಿದ್ದರು. ಮನುಷ್ಯರನ್ನು ನಂಬಿಸಿ ಒಳನುಗ್ಗುವ ಈ ದಾರಿಯನ್ನು ಗ್ರಾಹಕರೂ ಪರೀಕ್ಷಿಸಬಹುದು. ನಿಮ್ಮದೇ ಖಾತೆಯ ವಿಷಯವಾಗಿ ಸಹಾಯವಾಣಿಗೆ ಫೋನ್ ಮಾಡಿ, ಮೊಬೈಲ್ ಸಂಖ್ಯೆ ಬದಲಿಸಲು ಏನು ಬೇಕೆಂದು ಕೇಳಿ. ಹೆಸರು, ಹುಟ್ಟಿದ ದಿನಾಂಕ ಹೇಳಿದರೆ ಸಾಕು ಎಂದರೆ ಬಾಗಿಲಿಗೆ ಚಿಲಕವಿಲ್ಲ ಎಂದರ್ಥ. ಹಳೆಯ ಸಂಖ್ಯೆಗೆ ಒಟಿಪಿ, ದಾಖಲೆ, ಒಂದು ದಿನದ ಕಾಯುವಿಕೆ ಎಂದರೆ ಕಿರಿಕಿರಿಯಾದರೂ ಒಳ್ಳೆಯದು.

ಜೊತೆಗೆ ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸ ಇದೆಯೇ ನೋಡಿ. 2011ರ ಐಟಿ ನಿಯಮಗಳ ಪ್ರಕಾರ ಅದನ್ನು ಪ್ರಕಟಿಸಲೇಬೇಕು, ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. ‘ನನ್ನ ಬಗ್ಗೆ ನಿಮ್ಮಲ್ಲಿ ಏನೇನಿದೆ?’ ಎಂದು ಎರಡು ಸಾಲಿನ ಇಮೇಲ್ ಕಳಿಸಿ, ಉತ್ತರ ಬಂದ ದಿನಾಂಕ ಗುರುತಿಸಿ. ಸೋರಿಕೆಯಾದರೆ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕೆಂಬ ಆದೇಶ 2022ರಿಂದ ಇದೆ. ಬಾಧಿತ ಗ್ರಾಹಕರಿಗೂ ತಿಳಿಸಲೇಬೇಕೆಂಬುದು, ತಪ್ಪಿದರೆ ಕೋಟಿಗಟ್ಟಲೆ ದಂಡ ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಷ್ಟೇ ಬಂದವು, ಮುಖ್ಯ ಕರ್ತವ್ಯಗಳಿಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ. ಈ ನಡುವಿನ ಕಾಲದಲ್ಲಿ ಕೇಳಿದವರಿಗೆ ನೆಟ್ಟಗೆ ಉತ್ತರಿಸುವ ಕಂಪನಿ ಯಾವುದೆಂದು ತಿಳಿಯಲು ಇಮೇಲೇ ದಾರಿ.

ಅಂಕ ಕೂಡಿಸುವಾಗ

ಐದು ಹೆಜ್ಜೆಗೆ ತಲಾ ಐದು ಅಂಕ ಇಟ್ಟು, ಎರಡನೆಯದಕ್ಕೆ ಮಾತ್ರ ಹತ್ತು ಇಡಿ. ಬಿಟ್‌ಸೈಟ್, ಸೆಕ್ಯುರಿಟಿಸ್ಕೋರ್‌ಕಾರ್ಡ್‌ನಂಥ ಸಂಸ್ಥೆಗಳೂ ಕಂಪನಿಗಳಿಗೆ ಅಂಕ ಕೊಡುತ್ತವೆ. ಆದರೆ ಅವು ಬಹುಮಟ್ಟಿಗೆ ಹೊರಗಿನಿಂದ ಕಾಣುವುದನ್ನು ಅಳೆಯುತ್ತವೆ. ಕಾಂಪೌಂಡು, ಗೇಟು ನೋಡಿ ಮನೆಯ ಭದ್ರತೆ ಹೇಳಿದ ಹಾಗೆ. ನಿಮ್ಮ ಇಮೇಲ್ ಈಗಾಗಲೇ ಯಾವ ಸೋರಿಕೆಯಲ್ಲಿ ಹೋಗಿದೆ ಎಂದು ಟ್ರಾಯ್ ಹಂಟ್ ನಡೆಸುವ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣ ಉಚಿತವಾಗಿ ಹೇಳುತ್ತದೆ. ಬೆಂಗಳೂರಿನ ಬಿಗ್‌ಬಾಸ್ಕೆಟ್‌ನಿಂದ 2020ರಲ್ಲಿ ಹೋದ 2 ಕೋಟಿಗೂ ಹೆಚ್ಚು ಗ್ರಾಹಕರ ವಿವರವೂ ಅದರ ಪಟ್ಟಿಯಲ್ಲಿದೆ.

ಕಡಿಮೆ ಅಂಕದ ಕಂಪನಿಯನ್ನು ಬಿಡಲಾಗದಿದ್ದರೆ, ಅಲ್ಲಿಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಕಡ್ಡಾಯವಲ್ಲದ ಖಾನೆಗಳನ್ನು ಖಾಲಿ ಬಿಡಿ. ಬ್ಯಾಂಕ್ ಖಾತೆಯಿಂದ ಹಣ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ತಿಳಿಸಿ. ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆಡೆಯ ಲೋಪದಿಂದ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟ ತಟ್ಟಬಾರದೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ. ಹೊಸ ವಾರ್ಷಿಕ ವರದಿಗಳು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ ಬರುತ್ತವೆ. ನೋಟ್‌ಬುಕ್ಕಿನ ಕೊನೆಯ ಕಾಲಂನಲ್ಲಿ ಮುಂದಿನ ವರ್ಷದ ಆಗಸ್ಟ್ ತಿಂಗಳ ಒಂದು ಭಾನುವಾರದ ದಿನಾಂಕ ಬರೆದಿಡಿ.